ಮೊದಲ ಮಂಕರಿಗೆ ಮುಂಚೆ

ದಿನಾ ಬೆಳಗ್ಗೆ ಎಂಟು ಗಂಟೆಗೆ ಸರಿಯಾಗಿ ಓವರ್‌ಸಿಯರ್ ಗುರುಪಾದಸ್ವಾಮಿ ಹುಣಸೇಕಟ್ಟೆ ಕೆರೆಯ ಏರಿಯ ಮೇಲೆ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ನೋಟುಬುಕ್ಕು ತೆರೆದಿಟ್ಟುಕೊಂಡು, ಎದುರಿಗೆ ನಿಂತ ಮೇಸ್ತ್ರಿಗಳಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದ.

"ಏನಾದರೂ ತೊಂದರೆ ಇದೆಯಾ?"

"ಎಲ್ಲಾ ಚೆಂದಾಗದೆ ಸಾ," ಎನ್ನುತ್ತಿದ್ದ ಕಲ್ಲು ಮೇಸ್ತ್ರಿ ಚಿನ್ನಸ್ವಾಮಿ.

"ಚೆಂದಾಗದೆ ಸಾ," ಎನ್ನುತ್ತಿದ್ದ ಮಣ್ಣು ಮೇಸ್ತ್ರಿ ರಂಗನಾಯಕ.

ಗುರುಪಾದಸ್ವಾಮಿ "ತೊಂದರೆ ಇಲ್ಲ" ಎಂದು ಬರೆದು, ತಾರೀಖು ಹಾಕಿ, ಪೆನ್ಸಿಲನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಎರಡು ತಿಂಗಳಲ್ಲಿ ಅವನ ನೋಟುಬುಕ್ಕಿನ ತುಂಬ ಇದೇ ಮಾತು. ಅದೇ ಎರಡು ತಿಂಗಳಲ್ಲಿ ತೂಬು ಎರಡು ಸಲ ಸೋರಿತ್ತು.

ಹುಣಸೇಕಟ್ಟೆ ಮಾಂಬಳ್ಳಿಯಿಂದ ಒಂದೂವರೆ ಮೈಲಿ. ಅದರ ನೀರು ನಂಬಿಕೊಂಡು ನಾಲ್ಕು ಊರಿನ ಗದ್ದೆಗಳಿದ್ದವು. ಕೆರೆಯ ನೀರನ್ನು ಕಾಲುವೆಗೆ ಬಿಡುವ ಹಳೆಯ ಕಲ್ಲಿನ ತೂಬು ಮುರಿದುಬಿದ್ದು ವರ್ಷಗಳೇ ಆಗಿದ್ದವು. ಸಾವಿರದ ಒಂಬೈನೂರ ಐವತ್ತಮೂರನೇ ಇಸವಿಯ ಶಿವರಾತ್ರಿ ಕಳೆದ ಮೇಲೆ ಕೆಲಸ ಶುರುವಾಯಿತು. ಕೆರೆ ಒಣಗಿತ್ತು. ಏರಿಯನ್ನು ತಳದವರೆಗೆ ಅಗೆದು ಸೀಳಿದರು. ಆ ಸೀಳಿನ ತಳದಲ್ಲಿ ಕಲ್ಲಿನ ಹೊಸ ತೂಬು ಕಟ್ಟಬೇಕು, ಅದರ ಮೇಲೂ ಪಕ್ಕದಲ್ಲೂ ಜೇಡಿಮಣ್ಣು ತುಂಬಿ ಬಡಿದು ಏರಿಯನ್ನು ಮತ್ತೆ ಮುಚ್ಚಬೇಕು. ಇದೆಲ್ಲ ಮೇ ತಿಂಗಳ ಕೃತ್ತಿಕೆ ಮಳೆ ಮುಗಿಯುವುದರೊಳಗೆ ಆಗಬೇಕು. ಆಗದಿದ್ದರೆ ಬಂದ ಮಳೆಯೆಲ್ಲ ಆ ಸೀಳಿನಿಂದ ಹರಿದು ಹೋಗುತ್ತದೆ, ಕೆರೆಯಲ್ಲಿ ಆ ವರ್ಷ ಕೊಕ್ಕರೆ ಕಾಲು ತೋಯಿಸುವಷ್ಟೂ ನೀರು ನಿಲ್ಲುವುದಿಲ್ಲ.

ಗುರುಪಾದಸ್ವಾಮಿಗೆ ಇಪ್ಪತ್ತಾರು ವರ್ಷ. ಸ್ವಂತ ಜವಾಬ್ದಾರಿಯಲ್ಲಿ ಇದು ಮೊದಲನೆಯ ಕೆಲಸ. ಅವನ ತಂದೆ ಕೊಳ್ಳೇಗಾಲದಲ್ಲಿ ಜವಳಿ ಅಂಗಡಿ ಇಟ್ಟವರು. ಕೊಳ್ಳೇಗಾಲ ಆಗಿನ್ನೂ ಮದ್ರಾಸಿಗೆ ಸೇರಿತ್ತು, ಹುಣಸೇಕಟ್ಟೆ ಇರುವ ಯಳಂದೂರು ಸೀಮೆ ಮೈಸೂರಿಗೆ. ಹತ್ತು ಮೈಲಿ ಆಚೆಗೆ ಹೋಗಿ ಬೇರೆ ಸರ್ಕಾರದ ಉಪ್ಪು ತಿನ್ನುತ್ತಾನೆಂದು ನೆಂಟರು ನಗುತ್ತಿದ್ದರು. ನಗಲಿ, ಒಂದು ತೂಬು ಕಟ್ಟಿ ತೋರಿಸಿದರೆ ತಾನಾಗಿ ಬಾಯಿ ಮುಚ್ಚುತ್ತಾರೆ ಎಂದುಕೊಂಡಿದ್ದ. ತೂಬು ಕಟ್ಟುವುದು ಅಷ್ಟು ಕಷ್ಟವಾಗುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಆಗ ಅವನು ಕೇಳುತ್ತಿದ್ದನೋ ಇಲ್ಲವೋ.

ಕಟ್ಟಿದ ಮೇಲೆ ಪರೀಕ್ಷೆ ಮಾಡುವ ವಿಧಾನ ಸರಳ. ತೂಬಿನ ಬಾಯಿ ಮುಚ್ಚಿ, ಕೆರೆಯ ಒಳಗಡೆ ಅದರ ಸುತ್ತ ಮಣ್ಣಿನ ಒಡ್ಡು ಹಾಕಿ, ಹೆಂಗಸರು ದೂರದ ಬಾವಿಯಿಂದ ಕೊಡ ಕೊಡ ನೀರು ಹೊತ್ತು ತುಂಬುತ್ತಾರೆ. ಆಚೆ ಕಡೆ ಒಣಗಿದ್ದರೆ ಗೆದ್ದಂತೆ. ಯುಗಾದಿಗೆ ಮುಂಚೆ ಒಂದು ಸಲ ಸೋರಿತು, ತುಂಬಿದ ಮಣ್ಣೆಲ್ಲ ಅಗೆದು ಮತ್ತೆ ಕಟ್ಟಿದರು. ಯುಗಾದಿ ಕಳೆದ ಮೇಲೆ ಮತ್ತೆ ಸೋರಿತು. ಸುದ್ದಿ ಮೇಲಕ್ಕೆ ಹೋಯಿತು. ಇಂಜಿನಿಯರ್ ಸದಾಶಿವಪ್ಪನವರು ಎರಡೇ ಸಾಲಿನ ಕಾಗದ ಬರೆದರು. ಮೂರನೆಯ ಸಲ ಸೋರಿದರೆ ಕೆಲಸವನ್ನು ಬೇರೆಯವರಿಗೆ ವಹಿಸಲಾಗುವುದು. ತಪ್ಪು ಯಾರದೆಂದು ತಿಳಿದು ವರದಿ ಕಳಿಸತಕ್ಕದ್ದು.

ಕಾಗದ ಬಂದ ಮರುದಿನ ಬೆಳಗ್ಗೆ ಗುರುಪಾದಸ್ವಾಮಿ ಕುರ್ಚಿಯಲ್ಲಿ ಕೂತು ಅದೇ ಪ್ರಶ್ನೆ ಕೇಳಿದ. ಅವನ ಹಿಂದೆ ಅಗೆದು ಬಿಸಾಕಿದ ಒದ್ದೆ ಮಣ್ಣಿನ ರಾಶಿ ಬಿದ್ದಿತ್ತು.

"ಎಲ್ಲಾ ಚೆಂದಾಗದೆ ಸಾ," ಎಂದ ಚಿನ್ನಸ್ವಾಮಿ.

ಗುರುಪಾದಸ್ವಾಮಿಗೆ ನಖಶಿಖಾಂತ ಉರಿಯಿತು. "ಏನು ಚೆಂದಾಗಿದೆ? ಕಣ್ಣು ಕಾಣುತ್ತಾ ನಿಮಗೆ?" ಎಂದು ಕೂಗಾಡಿದ. ಇಬ್ಬರು ಮೇಸ್ತ್ರಿಗಳೂ ನೆಲ ನೋಡಿದರು. ಅವನು ಇನ್ನೂ ಕೂಗುತ್ತಿದ್ದಾಗಲೇ ರಂಗನಾಯಕ ಮೆಲ್ಲಗೆ ಸರಿದು ಹೋಗಿ, ದಿನವೂ ಮಾಡುವಂತೆ, ಮೊದಲ ಮಂಕರಿ, ಅಂದರೆ ಮೊದಲ ಬುಟ್ಟಿ ಮಣ್ಣಿಗೆ ವಿಭೂತಿ ಇಟ್ಟು, ಕೈಮುಗಿದು, ಏರಿಯ ಬುಡಕ್ಕೆ ಸುರಿದ. ಇಷ್ಟು ದೊಡ್ಡ ಅನಾಹುತ ಆಗಿರುವಾಗಲೂ ಇವನಿಗೆ ವಿಭೂತಿಯದೇ ಚಿಂತೆ ಎಂದು ಗುರುಪಾದಸ್ವಾಮಿಗೆ ಮತ್ತಷ್ಟು ಸಿಟ್ಟು ಬಂತು.

ಮಧ್ಯಾಹ್ನದ ಹೊತ್ತಿಗೆ ಅವನು ಡೇರೆಯಲ್ಲಿ ಕೂತು ವರದಿ ಬರೆಯತೊಡಗಿದ. ಸೋರಿದ್ದು ಕಲ್ಲಿನ ಸಂದಿಯಿಂದ, ಆದ್ದರಿಂದ ತಪ್ಪು ಕಲ್ಲು ಮೇಸ್ತ್ರಿಯದು. ಚಿನ್ನಸ್ವಾಮಿಯನ್ನು ತೆಗೆದುಹಾಕಬೇಕು. ಅರ್ಧ ಬರೆದಿದ್ದ. ಡೇರೆಯ ಬಾಗಿಲಲ್ಲಿ ದೊಡ್ಡಮಾದಮ್ಮ ಬಂದು ನಿಂತಳು.

ದೊಡ್ಡಮಾದಮ್ಮ ಮಣ್ಣು ಹೊರುವ ಹೆಂಗಸರಿಗೆ ಹಿರಿಯಳು. ಐವತ್ತು ದಾಟಿದವಳು, ಮಾತು ಕಡಿಮೆ, ಆಡಿದರೆ ಮುಲಾಜಿಲ್ಲ.

"ಬುದ್ದೀ, ಮೂರ್ನೇ ಸಲಿ ನೀರು ಹೊರಾಕೆ ನಮ್ ಎಂಗುಸ್ರಿಗೆ ಕತ್ತು ಉಳಿದಿಲ್ಲ," ಎಂದಳು. "ಅದ್ಕೇ ಒಂದ್ ಮಾತು ಏಳಾವ ಅಂತ ಬಂದೆ. ನೀವು ಕೇಳಾದು ಸರಿ. ಕೇಳೋ ಒತ್ತು ಸರಿಯಿಲ್ಲ."

"ಅಂದರೆ?"

"ದಿನದ ಮೊದ್ಲ್ನೇ ಮಂಕ್ರಿ ಬೀಳಾಗಂಟ ಕೆಲ್ಸದ ಜಾಗ್ದಲ್ಲಿ ನಮ್ಮೋರು ಯಾರೂ ಕೆಟ್ ಮಾತಾಡಾಕಿಲ್ಲ. ಆಡುದ್ರೆ ಕೆಲ್ಸಕ್ಕೆ ತಗುಲ್ತದೆ ಅಂತವ. ನೀವು ಮಂಕ್ರಿ ಬೀಳಾಕೆ ಮುಂಚೇನೇ ಬಂದು ಕೂತ್ಕಂಡು ತೊಂದ್ರೆ ಅದಾ, ತೊಂದ್ರೆ ಅದಾ ಅಂತೀರಿ. ಆ ಮಾತು ನೆಲಕ್ಕೆ ಬೀಳಬಾರ್ದು ಅಂತ ಅವ್ರು ಚೆಂದಾಗದೆ, ಚೆಂದಾಗದೆ ಅಂತಾರೆ. ಅವ್ರು ನಿಮ್ಗೆ ಸುಳ್ಳು ಏಳ್ತಿಲ್ಲ. ಕೆಲ್ಸ ಕಾಯ್ತಾವ್ರೆ."

ಗುರುಪಾದಸ್ವಾಮಿ ಪೆನ್ನು ಕೆಳಗಿಟ್ಟ. ಅವನಿಗೆ ತಂದೆಯ ಅಂಗಡಿ ನೆನಪಾಯಿತು. ಬೆಳಗ್ಗೆ ಬೋಣಿ ಆಗುವ ತನಕ ಆ ಅಂಗಡಿಯಲ್ಲಿ ಯಾರೂ "ಇಲ್ಲ" ಎನ್ನುವಂತಿರಲಿಲ್ಲ. ಗಿರಾಕಿ ಕೇಳಿದ ಸೀರೆ ಇಲ್ಲದಿದ್ದರೂ "ಬರುತ್ತೆ ಕೂತ್ಕೊಳ್ಳಿ" ಎನ್ನಬೇಕು. ಇಂಥ ಮನೆಯಲ್ಲಿ ಹುಟ್ಟಿ ಬೆಳೆದವನು ತಾನು. ಎರಡು ತಿಂಗಳು ದಿನಾ ಬೆಳಗ್ಗೆ ಬೋಣಿಗೆ ಮುಂಚೆ ಹೋಗಿ "ಏನೇನು ಇಲ್ಲ ಹೇಳಿ" ಎಂದು ಕೇಳಿದ ಹಾಗಾಯಿತಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಗೊತ್ತಿರುವುದನ್ನು ಮರೆಯುವುದಕ್ಕೂ ಒಂದಷ್ಟು ಓದು ಬೇಕಾಗುತ್ತದೆ ನೋಡಿ.

"ಮತ್ತೆ ಯಾವಾಗ ಕೇಳಬೇಕು?"

"ಉಂಡಾದ ಮ್ಯಾಲೆ ಎಲಡಿಕೆ ಆಕ್ಕಂಡು ಕೂತಿರ್ತೀವಲ್ಲ, ಆಗ ಬನ್ನಿ. ಕುರ್ಚಿ ತರ್ಬ್ಯಾಡಿ."

ಮರುದಿನ ಬೆಳಗ್ಗೆ ಅವನು ಯಾರನ್ನೂ ಏನೂ ಕೇಳಲಿಲ್ಲ. ಮೇಸ್ತ್ರಿಗಳು ಅಭ್ಯಾಸಬಲದಿಂದ ಬಂದು ನಿಂತು, ಪ್ರಶ್ನೆ ಬಾರದೆ, ಮುಖ ಮುಖ ನೋಡಿಕೊಂಡು ಹೋದರು. ಮಧ್ಯಾಹ್ನ ಊಟವಾದ ಮೇಲೆ ಅವನು ಹುಣಸೇಮರದ ಕೆಳಗೆ ಹೋಗಿ ನೆಲದ ಮೇಲೆ ಕೂತ. ಎಲ್ಲರೂ ಧಡಕ್ಕನೆ ಎದ್ದು ನಿಂತರು. ಕೂರಿ ಎಂದು ನಾಲ್ಕು ಸಲ ಹೇಳಿದ ಮೇಲೆ ಒಬ್ಬೊಬ್ಬರಾಗಿ ಕೂತರು. ಯಾರು ಎಷ್ಟು ದೂರ ಕೂರಬೇಕೆಂಬುದು ಎಲ್ಲರಿಗೂ ಗೊತ್ತಿತ್ತು, ಹಾಗೆಯೇ ಕೂತರು. ದೊಡ್ಡಮಾದಮ್ಮ ಹೆಂಗಸರ ಗುಂಪಿನಲ್ಲಿ ಮರದ ಬೇರಿಗೆ ಒರಗಿದ್ದಳು. ವೀಳ್ಯದೆಲೆಯ ತಟ್ಟೆ ಬಂತು. ಬಿಸಿಲಿನ ಬಗ್ಗೆ ಮಾತಾಯಿತು, ಲೊಕ್ಕನಹಳ್ಳಿ ಕಡೆ ಆನೆ ಇಳಿದ ಸುದ್ದಿಯಾಯಿತು. ಗುರುಪಾದಸ್ವಾಮಿ ಸುಣ್ಣ ಹೆಚ್ಚು ಹಾಕಿಕೊಂಡು ನಾಲಿಗೆ ಸುಟ್ಟುಕೊಂಡ. ಅದಕ್ಕೆ ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು.

ಆಮೇಲೆ ಅವನು ಕೇಳಿದ. "ನೀರು ಹೇಗೆ ಸೋರಿತು? ನಿಮಗೆ ಏನನ್ನಿಸುತ್ತೆ?"

ರಂಗನಾಯಕ ಉಗಿದು ಬಂದು ಬಾಯಿ ಬಿಟ್ಟ.

"ಗಾರೆ ಅಸಿ ಇತ್ತು ಸಾ. ಗಂಜಿ ಅಂಗಿತ್ತು."

"ಅಸಿ ಗಾರೆ ಮ್ಯಾಲೆ ಕಬ್ಣದ ದಿಮ್ಮಸು ತಕಂಡು ಬಡುದ್ರೆ ಕಲ್ಲು ಅಳ್ಳಾಡ್ದೆ ಇರ್ತದಾ?" ಎಂದ ಚಿನ್ನಸ್ವಾಮಿ. ಅವನು ಹನೂರು ಕಡೆಯವನು, ಸಿಟ್ಟು ಬಂದರೆ ತಮಿಳು ನುಗ್ಗುತ್ತಿತ್ತು. ಎರಡು ಮಾತು ತಮಿಳಿನಲ್ಲಿ ಅಂದು ಮತ್ತೆ ಕನ್ನಡಕ್ಕೆ ಬಂದ. "ನಿನ್ ಆಳುಗಳ ಕೈ ಮೊದ್ಲು ತಡಿ."

"ಬಡೀಬ್ಯಾಡ ಅಂತ ಒಂದ್ ದಿನಾರಾ ಅಂದ್ಯಾ ನೀನು?"

"ನಾನ್ಯಾಕ್ ಅನ್ಲಿ. ಮಣ್ಣು ನಿಂದು."

"ಗಾರೆ ನಿಂದು. ಒಣಗದಾ ಅಂತ ನಾನ್ಯಾಕ್ ಕೇಳ್ಲಿ."

ಇಬ್ಬರೂ ಹತ್ತು ಗಜ ದೂರದಲ್ಲಿ ಎರಡು ತಿಂಗಳು ದುಡಿದವರು. ಒಬ್ಬನ ಕೆಲಸ ಇನ್ನೊಬ್ಬನ ಕೆಲಸದ ಮೇಲೆ ಕೂರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ಒಬ್ಬ ಮೇಸ್ತ್ರಿಯ ಕೆಲಸದಲ್ಲಿ ಇನ್ನೊಬ್ಬ ಮೇಸ್ತ್ರಿ ಬಾಯಿ ಹಾಕುವುದು ಮರ್ಯಾದೆ ಅಲ್ಲ. ಆ ಮರ್ಯಾದೆಯ ಸಂದಿಯಲ್ಲಿ ನೀರು ಸೋರಿತ್ತು.

ಜಗಳ ಜೋರಾಯಿತು. ಇಬ್ಬರೂ ಎದ್ದು ನಿಂತರು. ದೊಡ್ಡಮಾದಮ್ಮ ಕೂತಲ್ಲಿಂದಲೇ ಅಂದಳು.

"ಇಬ್ರೂ ಸುಮ್ಕಿರ್ರಪ್ಪ. ಕಲ್ಲು ಕಟ್ಟಿದ ಮೂರ್ ದಿನಕ್ಕೆ ಮಣ್ಣಾಕಿ ಅಂತ ಏಳ್ದೋರು ಯಾರು? ಸುಣ್ಣದ ಗಾರೆ ಮೂರ್ ದಿನಕ್ಕೆ ಬಿಗೀತದಾ? ನಮ್ಮಟ್ಟಿ ಗ್ವಾಡೆಗೆ ಮೆತ್ತುದ್ರೆ ಅದಿನೈದು ದಿನ ಆದ್ರೂ ಉಗುರು ಇಳೀತದೆ."

ಯಾರೂ ಗುರುಪಾದಸ್ವಾಮಿಯ ಕಡೆ ನೋಡಲಿಲ್ಲ. ನೋಡದೆ ಇದ್ದದ್ದರಿಂದಲೇ ಅವನಿಗೆ ಗೊತ್ತಾಯಿತು.

ಮೂರು ದಿನ ಎಂದು ಬರೆದವನು ಅವನೇ. ಮೊದಲು ಈ ತೂಬನ್ನು ಸಿಮೆಂಟಿನಲ್ಲಿ ಕಟ್ಟುವುದೆಂದಿತ್ತು. ಆಗ ಸಿಮೆಂಟು ಕಂಟ್ರೋಲಿನಲ್ಲಿ ಸಿಗುವ ವಸ್ತು, ಬರಲಿಲ್ಲ. ಸುಣ್ಣದ ಗಾರೆಯಲ್ಲೇ ಕಟ್ಟಿ ಎಂದು ಅಪ್ಪಣೆಯಾಯಿತು. ಗುರುಪಾದಸ್ವಾಮಿ ಕೆಲಸದ ಪಟ್ಟಿಯಲ್ಲಿ ಸಿಮೆಂಟು ಎಂದಿದ್ದ ಕಡೆಯೆಲ್ಲ ಹೊಡೆದು ಸುಣ್ಣ ಎಂದು ತಿದ್ದಿದ್ದ. ದಿನಗಳನ್ನು ತಿದ್ದಿರಲಿಲ್ಲ. ಸಿಮೆಂಟಿಗೆ ಹಾಕಿದ್ದ ಮೂರು ದಿನ ಹಾಗೆಯೇ ಉಳಿದುಬಿಟ್ಟಿತ್ತು. ಕೆಲಸ ಬಲ್ಲ ಪ್ರತಿಯೊಬ್ಬರಿಗೂ ಇದು ಮೊದಲ ವಾರವೇ ಕಂಡಿತ್ತು. ಅವನೊಬ್ಬನಿಗೆ ಕಂಡಿರಲಿಲ್ಲ.

ಡೇರೆಯಲ್ಲಿ ಚಿನ್ನಸ್ವಾಮಿಯ ಮೇಲಿನ ವರದಿ ಅರ್ಧ ಬರೆದದ್ದು ಹಾಗೆಯೇ ಇತ್ತು. ಎದ್ದು ಹೋಗಿಬಿಡಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. "ಆಯ್ತು, ಇನ್ನು ಮೇಲೆ ಹುಷಾರಾಗಿರಿ" ಎಂದು ಗದರಿದ್ದರೂ ತಲೆಯಾಡಿಸುತ್ತಿದ್ದರು. ಅಷ್ಟು ಸುಲಭವಾಗಿ ತಪ್ಪಿಸಿಕೊಳ್ಳಬಹುದಲ್ಲ ಎಂಬುದೇ ಅವನಿಗೆ ಹೆದರಿಕೆ ಹುಟ್ಟಿಸಿತು.

"ನಾನು ಬರೆದದ್ದು," ಎಂದ. "ಸಿಮೆಂಟಿಗೆ ಬರೆದಿದ್ದೆ. ಸುಣ್ಣ ಬಂದ ಮೇಲೆ ದಿನ ಬದಲಾಯಿಸಬೇಕಿತ್ತು. ಬದಲಾಯಿಸಲಿಲ್ಲ. ಎರಡು ಸಲವೂ ಸೋರಿದ್ದು ನನ್ನಿಂದ."

ಓವರ್‌ಸಿಯರು ತಪ್ಪು ಒಪ್ಪಿಕೊಳ್ಳುವುದನ್ನು ನೋಡಿ ಅಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ. ಕೊನೆಗೆ ಚಿನ್ನಸ್ವಾಮಿ ಕೂತುಕೊಂಡ.

"ನಂಗೂ ಗೊತ್ತಿತ್ತು ಸಾ," ಎಂದ, ದನಿ ತಗ್ಗಿಸಿ. "ಮೊದ್ಲ್ನೇ ದಿನಾನೇ ಗೊತ್ತಿತ್ತು. ಎರಡ್ನೇ ಸಲಿ ಅವಸರಕ್ಕೆ ಸುಣ್ಣ ಸರಿಯಾಗಿ ಅರೆಸ್ಲೂ ಇಲ್ಲ ನಾನು."

"ನಾನೂ ಮುಟ್ಟಿ ನೋಡಿದ್ದೆ," ಎಂದ ರಂಗನಾಯಕ. "ಬೆಟ್ಟು ಇಳೀತು. ಅಂಗೇ ಮಣ್ಣಾಕಿಸ್ದೆ."

ಅಲ್ಲಿಂದಾಚೆಗೆ ಮಾತು ಕಾಲುವೆ ಬಿಟ್ಟ ಹಾಗೆ ಹರಿಯಿತು. ಗಾರೆಗೆ ಇಪ್ಪತ್ತು ದಿನ ಬೇಕು ಎಂದ ಚಿನ್ನಸ್ವಾಮಿ. ಇಟ್ಟಿಗೆ ಪುಡಿ ಬೆರೆಸಿ ಅರೆದು, ಗೋಣಿತಾಟು ಹೊದಿಸಿ ದಿನಾ ನೀರು ಚಿಮುಕಿಸಿದರೆ ಗಟ್ಟಿಯಾಗಿ ಕೂರುತ್ತದೆ. ಇಪ್ಪತ್ತು ದಿನ ನನ್ನ ಆಳುಗಳು ನೊಣ ಹೊಡೆಯುತ್ತಾ ಕೂರಬೇಕೇ ಎಂದು ರಂಗನಾಯಕ ಕೇಳಿದ. ಕೂರುವುದು ಬೇಡ, ತೂಬಿನಿಂದ ದೂರ, ಸೀಳಿನ ಎರಡೂ ತುದಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಮಣ್ಣು ತುಂಬಿಕೊಂಡು ಬನ್ನಿ, ನಡುವಿನದು ಮಾತ್ರ ಕೊನೆಗೆ ಉಳಿಯಲಿ ಎಂದ ಗುರುಪಾದಸ್ವಾಮಿ. ತೂಬಿನ ಮಗ್ಗುಲಿಗೆ ದಿಮ್ಮಸು ಮುಟ್ಟಿಸಲೇ ಬೇಡಿ ಎಂದಳು ದೊಡ್ಡಮಾದಮ್ಮ, ಅಲ್ಲಿಗೆ ಹಾಕುವ ಜೇಡಿಯನ್ನು ನಾವು ಹೆಂಗಸರು ಕಾಲಲ್ಲೇ ತುಳಿದು ಕೂರಿಸುತ್ತೇವೆ. ಅದೂ ಸರಿಯೆನಿಸಿತು.

ಇನ್ನೊಂದು ಕಟ್ಟಳೆಯೂ ಅಲ್ಲೇ ಆಯಿತು. ಗಾರೆ ಬಿಗಿದಿದೆ ಎಂದು ಚಿನ್ನಸ್ವಾಮಿಗೆ ಒಪ್ಪಿಗೆಯಾದ ದಿನ ಅವನು ರಂಗನಾಯಕನ ಕೈಗೆ ವೀಳ್ಯ ಕೊಡಬೇಕು. ವೀಳ್ಯ ಬರುವ ತನಕ ತೂಬಿನ ಮೇಲೆ ಒಂದು ಹಿಡಿ ಮಣ್ಣೂ ಬೀಳಕೂಡದು. ಕೊಡದೆ ಹಾಕಿದರೆ ರಂಗನಾಯಕನ ತಪ್ಪು, ಬಿಗಿಯದೆ ಕೊಟ್ಟರೆ ಚಿನ್ನಸ್ವಾಮಿಯ ತಪ್ಪು. ಗುರುಪಾದಸ್ವಾಮಿ ಇದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡ. ಅವತ್ತು ಸಂಜೆ ಡೇರೆಗೆ ಹೋಗಿ ಅರ್ಧ ವರದಿಯನ್ನು ಹರಿದು ಹಾಕಿದ. ಹೊಸ ವರದಿ ಬರೆಯಲು ಮಾತ್ರ ಕೈ ಬರಲಿಲ್ಲ. ನಾಳೆ ಬರೆದರಾಯಿತು ಎಂದುಕೊಂಡ. ತೂಬಿನ ಕಲ್ಲು ಬಿಚ್ಚಿ ಮೂರನೆಯ ಸಲ ಕಟ್ಟಿ ಮುಗಿಸಿ ಹದಿನೆಂಟು ದಿನವಾದರೂ ಆ ನಾಳೆ ಬರಲಿಲ್ಲ. ಮೇಸ್ತ್ರಿಗಳ ಮುಂದೆ ಒಪ್ಪಿಕೊಂಡಷ್ಟು ಸುಲಭವಾಗಿ ಇಂಜಿನಿಯರ ಮುಂದೆ ಒಪ್ಪಿಕೊಳ್ಳಲಾಗುತ್ತದೆಯೇ?

ಹದಿನೆಂಟನೆಯ ದಿನ ಬೆಳಗ್ಗೆ, ಇನ್ನೂ ಕೆಲಸ ಶುರುವಾಗುವ ಮುಂಚೆ, ಸದಾಶಿವಪ್ಪನವರ ಜೀಪು ಬಂತು. ಬಿಳಿಗಿರಿರಂಗನ ಬೆಟ್ಟದ ಮೇಲೆ ಮೋಡ ಕಟ್ಟಿತ್ತು. ಏರಿಯ ಎರಡು ತುದಿಯಿಂದಲೂ ಮಣ್ಣು ಬಂದು, ನಡುವೆ ತೂಬಿನ ಜಾಗ ಮಾತ್ರ ತೆರೆದಿತ್ತು. ಮೇಲೆ ಒದ್ದೆ ಗೋಣಿತಾಟು ಹೊದಿಸಿತ್ತು. ಸದಾಶಿವಪ್ಪನವರು ಕೊಡೆಯ ತುದಿಯಿಂದ ತಾಟು ಎತ್ತಿ ನೋಡಿ, ಆಕಾಶ ನೋಡಿದರು.

"ಕಲ್ಲು ಕೆಲಸ ಎಂದೋ ಮುಗಿದಿದೆ. ಇನ್ನೂ ಯಾಕೆ ತುಂಬಿಲ್ಲ? ಇವತ್ತು ನಾಳೆ ಮಳೆ ಬರುತ್ತೆ. ಇದರೊಳಗೆ ನೀರು ನುಗ್ಗಿದರೆ ತುಂಬಿರೋ ಮಣ್ಣೂ ಕೊಚ್ಚಿಕೊಂಡು ಹೋಗುತ್ತೆ. ಇವತ್ತೇ ತುಂಬಿಸಿ."

ಗುರುಪಾದಸ್ವಾಮಿಗೆ ಎಲ್ಲ ಗೊತ್ತಿತ್ತು. ಇನ್ನೂ ಎರಡು ದಿನ ಬೇಕೆಂದು ಗೊತ್ತಿತ್ತು. ಆದರೂ ಅವನ ಬಾಯಿಂದ ಬಂದದ್ದು "ಆಗಲಿ ಸಾರ್." ಅವನಿಗೇ ಆಶ್ಚರ್ಯವಾಗುವಷ್ಟು ಸಲೀಸಾಗಿ ಬಂತು.

ಸದಾಶಿವಪ್ಪನವರು ರಂಗನಾಯಕನ ಕಡೆ ತಿರುಗಿದರು. "ಶುರು ಮಾಡಪ್ಪ."

ರಂಗನಾಯಕ ಮಂಕರಿಯ ಪಕ್ಕ ನಿಂತಿದ್ದ. ಮಣ್ಣು ತುಂಬಿತ್ತು, ವಿಭೂತಿ ಇಟ್ಟಾಗಿತ್ತು, ಇನ್ನೂ ಎತ್ತಿರಲಿಲ್ಲ. ಅವನು ಚಿನ್ನಸ್ವಾಮಿಯನ್ನು ನೋಡಿದ, ಚಿನ್ನಸ್ವಾಮಿ ಇಲ್ಲವೆಂದು ತಲೆಯಾಡಿಸಿದ.

"ಬ್ಯಾಡ ಸಾ," ಎಂದ ರಂಗನಾಯಕ. "ಇವತ್ತು ಆಕುದ್ರೆ ಒಡೀತದೆ."

ಹೆಂಗಸರ ಸಾಲಿನಲ್ಲಿ ಯಾರೋ ಉಸಿರೆಳೆದುಕೊಂಡರು. ದೊಡ್ಡಮಾದಮ್ಮ ಕಣ್ಣು ಮುಚ್ಚಿಕೊಂಡಳು. ಇಡೀ ಜನ್ಮದಲ್ಲಿ ಆ ಮನುಷ್ಯ ಮೊದಲ ಮಂಕರಿ ಬೀಳುವ ಮುಂಚೆ ಅಂಥ ಮಾತು ಆಡಿದವನಲ್ಲ. ಅವನಪ್ಪನೂ ಆಡಿದವನಲ್ಲ. ಆ ಮಾತು ಆಡಲು ಅವನು ಎಷ್ಟು ದೂರ ದಾಟಿ ಬಂದನೆಂದು ಸದಾಶಿವಪ್ಪನವರಿಗೆ ಗೊತ್ತಾಗುವುದು ಸಾಧ್ಯವಿರಲಿಲ್ಲ. ಗುರುಪಾದಸ್ವಾಮಿಗೆ ಗೊತ್ತಿತ್ತು. ತಾನು ಇನ್ನೂ ಸುಮ್ಮನೆ ನಿಂತಿದ್ದರೆ ಈ ಮನುಷ್ಯನ ಮುಖ ಮತ್ತೆ ನೋಡಲಾರೆ ಎನ್ನಿಸಿತು.

"ಅವನು ಹೇಳೋದು ನಿಜ ಸಾರ್," ಎಂದ. "ನಾನು ಆಗಲಿ ಅಂದದ್ದು ತಪ್ಪು. ಗಾರೆಗೆ ಇನ್ನೂ ಎರಡು ದಿನ ಬೇಕು. ಮೊದಲೆರಡು ಸಲ ಸೋರಿದ್ದೂ ಹೀಗೇ ಅವಸರ ಮಾಡಿದ್ದರಿಂದ. ಸುಣ್ಣಕ್ಕೆ ಸಿಮೆಂಟಿನ ದಿನ ಹಾಕಿದವನು ನಾನು. ನೀವು ವರದಿ ಕೇಳಿದ್ದಿರಿ. ಬರೆಯೋಕೆ ಧೈರ್ಯ ಬರಲಿಲ್ಲ."

ಸದಾಶಿವಪ್ಪನವರು ಮತ್ತೆ ಆಕಾಶ ನೋಡಿದರು. ಬೆಟ್ಟದ ಕಡೆ ಗುಡುಗಿತು.

"ಎರಡು ದಿನದೊಳಗೆ ಮಳೆ ಬಂದು ಕೊಚ್ಚಿದರೆ?"

"ನನ್ನ ಹೆಸರಿಗೇ ಬರೆಯಿರಿ ಸಾರ್."

"ಬರೆಯುತ್ತೇನೆ," ಎಂದರು ಅವರು, ಸ್ವಲ್ಪವೂ ಮೆದುವಾಗದೆ. "ತೂಬು ನಿಂತರೂ ಸರಿ, ಹೋದರೂ ಸರಿ, ವರದಿ ನನಗೆ ಬೇಕು. ನಡೆದದ್ದು ನಡೆದ ಹಾಗೆ." ಜೀಪು ಹತ್ತಿ ಹೋದರು.

ಮರುದಿನ ಸಂಜೆ ಮಳೆ ಬಂತು. ಕೆಲಸ ಬಿಟ್ಟು ಮನೆಗೆ ಹೋಗಿದ್ದವರು ಕರೆಯದೆ ಓಡಿ ಬಂದರು. ಸೀಳಿನ ಒಳಬಾಯಿಗೆ ಮಣ್ಣಿನ ಮೂಟೆ ಒಟ್ಟಿದರು, ತೂಬಿನ ಮೇಲೆ ತೆಂಗಿನ ಗರಿಯ ತಟ್ಟಿ ಹೊದಿಸಿ, ಅದು ಹಾರದಂತೆ ಚಿನ್ನಸ್ವಾಮಿ, ರಂಗನಾಯಕ ಆಚೆ ಈಚೆ ಹಿಡಿದು ನಿಂತರು. ಗುರುಪಾದಸ್ವಾಮಿ ಮೊಣಕಾಲುದ್ದ ಕೆಸರಿನಲ್ಲಿ ಮೂಟೆ ಹೊತ್ತ. ಅರ್ಧ ಗಂಟೆ ಹೊಡೆದು ಮಳೆ ಬೆಟ್ಟಕ್ಕೆ ವಾಪಸು ಹೋಯಿತು. ಒಂದು ಮಗ್ಗುಲಲ್ಲಿ ಎರಡು ಗಾಡಿಯಷ್ಟು ಮಣ್ಣು ಕುಸಿದಿತ್ತು, ಅಷ್ಟೇ. ಅದರ ಮರುದಿನ ಚಿನ್ನಸ್ವಾಮಿ ಎಲ್ಲ ಸಂದಿಗಳಿಗೂ ಮೊಳೆ ಒತ್ತಿ ನೋಡಿ, ಎರಡು ಎಲೆ, ಒಂದು ಅಡಿಕೆ ತೆಗೆದು ರಂಗನಾಯಕನ ಕೈಗೆ ಕೊಟ್ಟ. ಹೆಂಗಸರು ಸೀರೆ ಎತ್ತಿ ಕಟ್ಟಿ ಜೇಡಿ ತುಳಿಯಲು ಇಳಿದರು.

ಆರು ದಿನದಲ್ಲಿ ಏರಿ ಮುಚ್ಚಿತು. ಹತ್ತನೆಯ ದಿನ ಜೋರು ಮಳೆಯಾಗಿ ಕೆರೆಯಲ್ಲಿ ಎದೆಯುದ್ದ ನೀರು ನಿಂತಿತು. ಮೂರು ದಿನ ಕಾದರು. ತೂಬಿನ ಆಚೆ ಬಾಯಿಯೊಳಗೆ ದೊಡ್ಡಮಾದಮ್ಮ ಮೊಣಕೈವರೆಗೆ ತೋಳು ಇಳಿಬಿಟ್ಟು, ಅಂಗೈ ತೆಗೆದು ಎಲ್ಲರಿಗೂ ತೋರಿಸಿದಳು. ಒಣ ಧೂಳು ಅಂಟಿತ್ತು.

ಅವತ್ತೇ ಮಧ್ಯಾಹ್ನ ಗುರುಪಾದಸ್ವಾಮಿ ವರದಿ ಬರೆದ. ಬರೆದು, ಹುಣಸೇಮರದ ಕೆಳಗೆ ತಂದು, ಇಂಗ್ಲಿಷಿನಲ್ಲಿದ್ದದ್ದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದ. ತನ್ನ ತಪ್ಪಿನ ಸಾಲು ಓದುವಾಗ ದನಿ ಸ್ವಲ್ಪ ಇಳಿಯಿತು, ಓದಿದ. ಕೊನೆಯಲ್ಲಿ ಹೀಗಿತ್ತು. "ಮೇ ಹದಿನಾಲ್ಕರಂದು ಮಣ್ಣು ತುಂಬಲು ಅಪ್ಪಣೆಯಾಗಿ, ಓವರ್‌ಸಿಯರನು ಒಪ್ಪಿದ್ದಾಗ್ಯೂ, ಬೇಡವೆಂದು ತಡೆದವನು ಮಣ್ಣು ಮೇಸ್ತ್ರಿ ರಂಗನಾಯಕ. ತೂಬು ಉಳಿದದ್ದು ಇದರಿಂದ."

ರಂಗನಾಯಕನಿಗೆ ಓದು ಬಾರದು. ಅವನು ಕಾಗದವನ್ನು ದೂರದಿಂದಲೇ ನೋಡಿದ.

"ಬ್ಯಾಡ ಅಂದಿದ್ದನ್ನ ಸರ್ಕಾರದ ಕಾಗ್ದದಲ್ಲಿ ಬರೀತಾರಾ ಸಾ?"

"ಬರೆದಿದೀನಿ."

"ನನ್ ಎಸ್ರು ಆಕಿ?"

"ನಿನ್ನ ಹೆಸರು ಹಾಕಿ."

ರಂಗನಾಯಕ ಬಾಯಲ್ಲಿದ್ದ ಎಲೆಯನ್ನು ದೂರ ಹೋಗಿ ಉಗಿದು, ಬಾಯಿ ಮುಕ್ಕಳಿಸಿ, ಟವಲ್ಲಿನಿಂದ ಮುಖ ಒರೆಸಿಕೊಂಡು ಬಂದು ಕೂತ.

"ಆ ಒಂದ್ ಸಾಲು ಇನ್ನೊಂದ್ಸಲಿ ಓದಿ ಸಾ," ಎಂದ.

ಗುರುಪಾದಸ್ವಾಮಿ ಮತ್ತೆ ಓದಿದ.